ಸತ್ಯಕ್ಕೆ ವಕೀಲರು ಬೇಕೇ?

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಮೆರಿಕದ ಗ್ರೀನ್ ಕಾರ್ಡ್ ಸಂದರ್ಶನದ ಮಾತು ಬಂದಾಗಲೆಲ್ಲ ನನಗೆ ಈ ಗಾದೆ ನೆನಪಾಗುತ್ತದೆ. ಅಲ್ಲಿನ ಪ್ರಜೆಯೊಬ್ಬರನ್ನು ಮದುವೆಯಾಗಿ, ಅಲ್ಲಿಯೇ ಇದ್ದುಕೊಂಡು ಕಾಯಂ ನಿವಾಸಕ್ಕೆ ಅರ್ಜಿ ಹಾಕಿದವರು ಸಾಮಾನ್ಯವಾಗಿ ಗಂಡಹೆಂಡತಿ ಇಬ್ಬರೂ ವಲಸೆ ಅಧಿಕಾರಿಯ ಮುಂದೆ ಕೂತು, ಪ್ರಮಾಣ ಮಾಡಿ ಉತ್ತರಿಸಬೇಕು. ನಿಮ್ಮದು ನಿಜವಾದ ಮದುವೆಯೇ ಎಂಬುದೇ ಅಲ್ಲಿನ ಮುಖ್ಯ ಪ್ರಶ್ನೆ. ಜೊತೆಗೆ ವಕೀಲರನ್ನು ಕರೆದೊಯ್ದರೆ ಹೆಗಲು ಮುಟ್ಟಿಕೊಂಡಂತೆ ಆಗುವುದಿಲ್ಲವೇ ಎಂಬ ಅಳುಕು ಹಲವರಿಗಿದೆ.

ಈ ಅಳುಕಿನ ಹಿಂದೆ ಒಂದು ಸ್ವಾಭಿಮಾನವಿದೆ. ಅದನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಸತ್ಯ ಯಾರ ಕಣ್ಣಿಗಾದರೂ ತಾನಾಗಿಯೇ ಕಾಣುತ್ತದೆ ಎಂಬ ನಂಬಿಕೆಯೂ ಅದರಲ್ಲಿ ಸೇರಿಕೊಂಡಿದೆ. ಅಧಿಕಾರಿಗೆ ಕಾಣುವುದು ಜಂಟಿ ಬ್ಯಾಂಕ್ ಖಾತೆ, ಬಾಡಿಗೆ ಕರಾರು, ವಿಮೆಯ ಕಾಗದ, ಒಂದಷ್ಟು ಫೋಟೊ. ಹಿರಿಯರು ಕೂಡಿಸಿದ, ನಾಲ್ಕೇ ಭೇಟಿಗಳಲ್ಲಿ ನಿಶ್ಚಯವಾದ ನಮ್ಮ ಕಡೆಯ ಮದುವೆ, ವರ್ಷಗಟ್ಟಲೆ ಒಡನಾಡಿ ಮದುವೆಯಾಗುವವರನ್ನು ಕಂಡ ಕಣ್ಣಿಗೆ ಅವಸರದ್ದಾಗಿ ತೋರಬಹುದು. ಇಪ್ಪತ್ತು ವರ್ಷ ಒಟ್ಟಿಗೆ ಬಾಳಿದವರೂ ಕಳೆದ ಹಬ್ಬಕ್ಕೆ ಏನು ಅಡುಗೆ ಮಾಡಿದ್ದೆವು ಎಂಬುದನ್ನು ಬೇರೆಬೇರೆಯಾಗಿ ಹೇಳಿಯಾರು.

ಕಾನೂನು ಕೇಳುವುದಾದರೂ ಏನನ್ನು? ಒಟ್ಟಿಗೆ ಬಾಳುವ ಉದ್ದೇಶವೇ ಇಲ್ಲದೆ, ದೇಶದೊಳಗೆ ಬರುವುದಕ್ಕಷ್ಟೇ ಮಾಡಿಕೊಂಡ ಮದುವೆಗಳನ್ನು ಲುಟ್ವಾಕ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1953ರಲ್ಲಿ ಮನ್ನಿಸಲಿಲ್ಲ. ಮದುವೆಯ ಹೊತ್ತಿನಲ್ಲಿ ಒಟ್ಟಿಗೆ ಬಾಳುವ ಉದ್ದೇಶವಿತ್ತೇ ಎಂಬುದೇ ಅಳತೆಗೋಲು, ಆಮೇಲೆ ಬೇರೆಯಾದರು ಎಂಬುದೊಂದರಿಂದಲೇ ಮದುವೆ ಸುಳ್ಳಾಗದು ಎಂದು 1975ರ ಬಾರ್ಕ್ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ಹೇಳಿತು. ಉದ್ದೇಶದ ಫೋಟೊ ತೆಗೆಯಲಾಗದು. ಅದನ್ನು ಊಹಿಸಬೇಕು, ಊಹೆ ತಪ್ಪಬಹುದು. ವಂಚನೆಯ ಮದುವೆ ಎಂಬ ತೀರ್ಮಾನ ಒಮ್ಮೆ ದಾಖಲಾದರೆ, ಮುಂದೆ ಬೇರೊಬ್ಬರನ್ನು ಮನಸಾರೆ ಮದುವೆಯಾದರೂ ಆ ಸಂಬಂಧದ ಅರ್ಜಿಗೆ ಬಾಗಿಲು ಮುಚ್ಚಿದಂತೆಯೇ.

ಇನ್ನು ವಕೀಲರು ಅಲ್ಲಿ ಮಾಡುವುದೇನು? ಸ್ವಂತ ಖರ್ಚಿನಲ್ಲಿ ಅವರನ್ನು ಕರೆದೊಯ್ಯುವ ಹಕ್ಕು ಅರ್ಜಿದಾರರಿಗಿದೆ. ಆದರೆ ದಂಪತಿಗಳ ಪರವಾಗಿ ಅವರು ಉತ್ತರ ಹೇಳುವಂತಿಲ್ಲ. ಕಾನೂನಿನ ಅಂಶ ವಿವರಿಸಬಹುದು, ಮಿತಿ ಮೀರಿದ ಪ್ರಶ್ನೆಗೆ ಆಕ್ಷೇಪಿಸಬಹುದು, ನಡೆದದ್ದನ್ನು ಬರೆದಿಟ್ಟುಕೊಳ್ಳಬಹುದು. ಹೀಗಿರುವಾಗ ವಕೀಲರ ಬೆನ್ನ ಹಿಂದೆ ಅಡಗುವ ಮಾತೆಲ್ಲಿ ಬಂತು? ಮೇಜಿನ ಒಂದು ಬದಿಯಲ್ಲಿ ಇಡೀ ಸರ್ಕಾರ ಕೂತಿದೆ. ಇನ್ನೊಂದು ಬದಿಯಲ್ಲಿ ನಾಳೆ ಎಲ್ಲಿರುತ್ತೇನೋ ಎಂಬ ಭಯ. ಹೆದರಿದವರು ನಿಜವನ್ನೂ ಸುಳ್ಳಿನ ಹಾಗೆ ತೊದಲುತ್ತಾರೆ. ಆ ತೊದಲನ್ನು ತಪ್ಪಿಸುವವರು ಸತ್ಯಕ್ಕೆ ಏನನ್ನೂ ಸೇರಿಸುವುದಿಲ್ಲ, ಅದು ಕೆಡದಂತೆ ಕಾಯುತ್ತಾರೆ.

ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಬೇರೆ: ಅವರು ಯಾರ ವಕೀಲರು? ಎಷ್ಟೋ ಸಲ ಇಬ್ಬರಿಗೂ ಒಬ್ಬರೇ. ಶುಲ್ಕ ಕೊಡುವುದು ಗಂಡ, ಅತಂತ್ರವಾಗಿರುವುದು ಹೆಂಡತಿಯ ಬದುಕು. ಮನೆಯೊಳಗೆ ಹೊಡೆತ ಬಡಿತವಿದ್ದರೆ ಅದೇ ವಕೀಲರು ಆಕೆಗೆ ಮತ್ತೊಂದು ಗೋಡೆಯಾಗಬಹುದು. ಹಿಂಸೆಗೊಳಗಾದವರು ಸಂಗಾತಿಯನ್ನು ಅವಲಂಬಿಸದೆ ತಾವೇ ಅರ್ಜಿ ಹಾಕುವ ದಾರಿಯನ್ನು 1994ರ ಕಾಯ್ದೆ ತೆರೆದಿದೆ. ಅಂಥವರಿಗೆ ಬೇಕಾದದ್ದು ಜಂಟಿ ವಕೀಲರಲ್ಲ, ತಮ್ಮದೇ ಆದ ಒಬ್ಬರು.

ಕಾಗದಪತ್ರ ಸರಿಯಿದ್ದು, ಹಿಂದಿನ ತೊಡಕಿಲ್ಲದವರಿಗೆ ಮೊದಲೇ ಒಮ್ಮೆ ವಕೀಲರ ಸಲಹೆ ಪಡೆದರೆ ಸಾಕೆಂದು ನನಗನ್ನಿಸುತ್ತದೆ. ವೀಸಾ ಅವಧಿ ಮೀರಿದ್ದರೆ, ಬಂಧನವೋ ತಿರಸ್ಕೃತ ಅರ್ಜಿಯೋ ಹಿಂದೆ ಇದ್ದರೆ ಕರೆದೊಯ್ಯುವುದೇ ವಿವೇಕ. ಎರಡೂ ಸಂದರ್ಭಗಳಲ್ಲಿ ಉತ್ತರ ಮಾತ್ರ ನಮ್ಮದೇ ಆಗಿರಬೇಕು. ಇಬ್ಬರೂ ಕೂತು ಬಾಯಿಪಾಠ ಮಾಡಿ ಒಪ್ಪಿಸಿದ ಹೊಂದಾಣಿಕೆಗಿಂತ, ‘ನನಗೆ ನೆನಪಿಲ್ಲ’ ಎಂಬ ಮಾತಿನಲ್ಲೇ ಸಂಸಾರದ ಸತ್ಯ ಹೆಚ್ಚಿರುತ್ತದೆ. ಅದನ್ನು ಧೈರ್ಯವಾಗಿ ಹೇಳಿ ಎನ್ನುವವರು ಒಳ್ಳೆಯ ವಕೀಲರು.