ದಾರಿಯ ಬಂಧ, ಪಂಕ್ತಿಯ ಬೇಲಿ

ಆಷಾಢ ಏಕಾದಶಿಗೆ ಪಂಢರಪುರ ಸೇರಲೆಂದು ದೇಹೂವಿನಿಂದ ಹೊರಡುವ ಸಂತ ತುಕಾರಾಮರ ಪಾಲಖಿಯು, ಅಂದರೆ ಪಲ್ಲಕ್ಕಿಯು, ಪುಣೆ–ಸೊಲ್ಲಾಪುರ ಹೆದ್ದಾರಿಯ ಕುರಕುಂಭಕ್ಕೆ ಸಮೀಪದ ಪಾಟಸ್‌ ಮೂಲಕ ವರ್ಷವರ್ಷವೂ ಹಾದುಹೋಗುತ್ತದೆ. ‘ವಾರಿ’ ಎನಿಸಿಕೊಂಡ ಈ ನಡಿಗೆಯನ್ನು ಮುಂದಿಟ್ಟುಕೊಂಡು, ಭಾವಬಂಧಕ್ಕೂ ಸಮಾಜದ ಕಟ್ಟಳೆಗೂ ಇರುವ ನಂಟನ್ನು ಕುರಕುಂಭದಲ್ಲಿ ನೆಲೆಸಿದ ಇಬ್ಬರು ಕನ್ನಡಿಗರು, ನಿವೃತ್ತ ಅಧ್ಯಾಪಕರೊಬ್ಬರು ಮತ್ತು ಸಂಶೋಧನಾ ವಿದ್ಯಾರ್ಥಿನಿ, ಚರ್ಚಿಸುತ್ತಾರೆ.

ವಿದ್ಯಾರ್ಥಿನಿ: ಉತ್ಕಟ ಭಾವವು ಶಿಸ್ತನ್ನು ಕೆಡಿಸುತ್ತದೆಂಬ ಮಾತುಂಟು, ಸರ್. ಆದರೆ ‘ದಿಂಡಿ’ ಎಂಬ ಪ್ರತಿಯೊಂದು ತಂಡದಲ್ಲೂ ಪತಾಕೆಯವರು ಮುಂದೆ, ತಾಳದವರು ಸಾಲಾಗಿ, ನಡುವೆ ಮೃದಂಗ, ಅವರ ಹಿಂದೆ ವೀಣೆಯವರು, ಕೊನೆಗೆ ತಲೆಯ ಮೇಲೆ ತುಳಸಿಕಟ್ಟೆ ಹೊತ್ತ ಹೆಂಗಸರು ನಡೆಯುತ್ತಾರೆ; ಈ ಕ್ರಮವನ್ನು ಹುಟ್ಟಿಸಿದ್ದೇ ಭಾವವಲ್ಲವೇ?

ಅಧ್ಯಾಪಕರು: ಹೌದು. ಫ್ರೆಂಚ್ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1912ರ ಗ್ರಂಥದಲ್ಲಿ ವಿವರಿಸಿದ ಸಾಮೂಹಿಕ ಆವೇಶ ಇದೇ. ಜನ ಒಂದೆಡೆ ನೆರೆದು ಒಂದೇ ಲಯಕ್ಕೆ ಮೈಯೊಡ್ಡಿದಾಗ ಉಕ್ಕುವ ಈ ಶಕ್ತಿಯಿಂದಲೇ ಗುಂಪಿನ ಕಟ್ಟಳೆಗೆ ಪಾವಿತ್ರ್ಯ ಬರುತ್ತದೆ.

ವಿದ್ಯಾರ್ಥಿನಿ: ವಾರಿಯಲ್ಲಿ ಮುದುಕರು ಹುಡುಗನ ಪಾದ ಮುಟ್ಟಿ ‘ಮಾವುಲಿ’, ಅಂದರೆ ತಾಯಿ, ಎನ್ನುತ್ತಾರೆ, ಹುಡುಗ ಮರಳಿ ಅವರ ಪಾದಕ್ಕೆ ಬಾಗುತ್ತಾನೆ. ಅಲ್ಲಿಗೆ ಮೇಲು–ಕೀಳು ಅಳಿದಂತಲ್ಲವೇ?

ಅಧ್ಯಾಪಕರು: ದಾರಿಯಲ್ಲಿ ಅಳಿಯಿತಮ್ಮಾ, ಒಲೆಯ ಬಳಿ ಅಳಿಯಲಿಲ್ಲ. ವಾರಿಯಲ್ಲಿ ನಡೆದ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ, ಒಂದೇ ದಿಂಡಿಯ ಬ್ರಾಹ್ಮಣರೂ ಮರಾಠರೂ ಒಟ್ಟಿಗೆ ಹಾಡಿ, ಊಟಕ್ಕೆ ಮಾತ್ರ ಬೇರೆ ಬೇರೆಯಾಗುತ್ತಿದ್ದುದನ್ನು ನೊಂದು ಬರೆದಿದ್ದಾರೆ.

ವಿದ್ಯಾರ್ಥಿನಿ: ಹಾಗಾದರೆ ಭಾವಕ್ಕೆ ಸಮಾಜವನ್ನು ಬದಲಿಸುವ ಬಲವಿಲ್ಲವೇ?

ಅಧ್ಯಾಪಕರು: ಬಲವಿದೆ, ಅದು ಎಲ್ಲಿಯವರೆಗೆ ಹರಿಯಿತು ಎಂಬುದೇ ಪ್ರಶ್ನೆ. 12ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಜೊತೆಗಿದ್ದ ಶರಣರು ಅದನ್ನು ಪಂಕ್ತಿಗೂ ಬೀಗತನಕ್ಕೂ ತಂದರು. ಸಮಗಾರ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸರ ಮಗಳನ್ನು ಕೊಟ್ಟಾಗ, ಪರಂಪರೆ ಹೇಳುವಂತೆ, ಅರಸ ಬಿಜ್ಜಳನು ಇಬ್ಬರು ತಂದೆಯರಿಗೂ ಎಳೆಹೂಟೆಯ, ಅಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸುವ, ಶಿಕ್ಷೆ ವಿಧಿಸಿದನು. ಶರಣರು ಕೂಡಿ ಹಾಡಿದಷ್ಟು ಕಾಲವೂ ಸಹಿಸಿದ ಅರಸೊತ್ತಿಗೆ ಅವರು ಬೀಗರಾದೊಡನೆ ನಡುಗಿತು.

ವಿದ್ಯಾರ್ಥಿನಿ: ಬಸವಣ್ಣನವರು ಮೊದಲು ಕಾಯಕ ಮಾಡಿದ ಮಂಗಳವೇಢೆಯಲ್ಲೇ, ಎರಡು ಶತಮಾನಗಳ ಬಳಿಕ, ಅಸ್ಪೃಶ್ಯರೆನಿಸಿದ್ದ ಮಹಾರ ಜಾತಿಯ ಸಂತ ಚೋಖಾಮೇಳಾ ಪಂಢರಪುರದ ವಿಠ್ಠಲನಿಗಾಗಿ ಹಂಬಲಿಸಿದರು. ಅವರ ಪ್ರೀತಿಗೆ ಕೊರತೆಯಿತ್ತೇ?

ಅಧ್ಯಾಪಕರು: ಇರಲಿಲ್ಲ. ವಾರಿಯಲ್ಲಿ ನಡೆಯುವ ವಾರಕರಿಗಳು ಇಂದಿಗೂ ಅವರ ಅಭಂಗಗಳನ್ನು ಹಾಡುತ್ತಾರೆ. ಅವರ ಸಮಾಧಿ ಇರುವುದು ಮಾತ್ರ ದೇಗುಲದ ಹೊರಗೆ, ಮಹಾದ್ವಾರದ ಎದುರಿಗೆ. ಒಬ್ಬನ ಭಾವ ಎಷ್ಟೇ ಉತ್ಕಟವಾಗಿರಲಿ, ಬಾಗಿಲ ಕೀಲಿ ಹಿಡಿದವರ ಮನಸ್ಸು ಅಲುಗದೆ ಕಟ್ಟಳೆ ಅಲುಗುವುದಿಲ್ಲ. ಆ ಬಾಗಿಲು ದಲಿತರಿಗೆ ತೆರೆದದ್ದು ಸುಮಾರು ಆರುನೂರು ವರ್ಷಗಳ ಮೇಲೆ, 1947ರ ಮೇ ತಿಂಗಳಲ್ಲಿ, ಗಾಂಧಿವಾದಿ ಸಾನೆ ಗುರೂಜಿ ಪಂಢರಪುರದಲ್ಲಿ ಉಪವಾಸ ಕುಳಿತಾಗ.