ಹಬ್ಬದ ವಿಶ್ರಾಂತಿ ಯಾರಿಗೆ?



ಕ್ರಿಸ್ತ ಜಯಂತಿ ಹತ್ತಿರ ಬರುತ್ತಿದೆ. ಸೇಲಂ, ಮೆಟ್ಟೂರು, ಬೆಂಗಳೂರು ಕಡೆಯಿಂದ ಬಂಧುಗಳು ಮೇಚೇರಿಯ ನಮ್ಮ ಮನೆಗಳಿಗೆ ಬರುತ್ತಾರೆ. ಯಾರು ಎಲ್ಲಿ ಮಲಗಬೇಕು, ಯಾರಿಗೆ ಯಾವ ಅಡುಗೆ ಎಂದು ವಾರದ ಮೊದಲೇ ಮಾತಾಗುತ್ತದೆ. ಮನೆಯ ನಾಯಿ, ಬೆಕ್ಕು ಆ ದಿನ ಎಲ್ಲಿರಬೇಕು ಎಂಬ ಮಾತು ಮಾತ್ರ ಬರುವುದಿಲ್ಲ. ಪ್ರಾಣಿ ತಾನೇ, ಒಂದು ದಿನ ಹೇಗೋ ಇರುತ್ತದೆ ಎಂದು ಬಿಟ್ಟುಬಿಡುವುದು ಸುಲಭ. ಅಷ್ಟು ಸಣ್ಣ ವಿಷಯವೇ ಇದು?

ದೇವರ ಹತ್ತು ಕಟ್ಟಳೆಗಳಲ್ಲಿ ವಿಶ್ರಾಂತಿಯ ದಿನದ ಕಟ್ಟಳೆಯನ್ನು ಗಮನವಿಟ್ಟು ಓದೋಣ. ಆ ವಿಶ್ರಾಂತಿ ಮನೆಯ ಯಜಮಾನನಿಗೆ ಮಾತ್ರ ಸೇರಿದ್ದಲ್ಲ. ಮಕ್ಕಳು, ಆಳುಗಳು, ಊರಲ್ಲಿರುವ ಪರದೇಶಿ, ಇವರ ಸಾಲಿನಲ್ಲೇ ಎತ್ತು ಕತ್ತೆಗಳ ಹೆಸರೂ ಇದೆ. ಸಬ್ಬತ್ ದಿನದಲ್ಲೂ ಎತ್ತನ್ನು ಕೊಟ್ಟಿಗೆಯಿಂದ ಬಿಚ್ಚಿ ನೀರಿಗೆ ಕರೆದೊಯ್ಯುವುದನ್ನು, ಬಾವಿಗೆ ಬಿದ್ದರೆ ಮೇಲೆತ್ತುವುದನ್ನು ಪ್ರಭು ಯೇಸು ಎಲ್ಲರೂ ಒಪ್ಪುವ ಸಂಗತಿಯಾಗಿಯೇ ಎತ್ತಿ ಹೇಳಿದರು. ಹಾಗಾದರೆ ಹಬ್ಬದ ದಿನ ಪ್ರಾಣಿಗೆ ನೆಮ್ಮದಿ ಕೊಡುವುದು ನಾವು ತೋರಿಸುವ ಔದಾರ್ಯವಲ್ಲ. ಅದು ಅದರ ಪಾಲು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ನಮ್ಮ ಊರಿನ ಹೆಸರನ್ನು ದೂರದವರು ಕೇಳಿರುವುದೇ ಮೇಚೇರಿ ಕುರಿಯಿಂದ. ಮಾಂಸಕ್ಕೂ ಚರ್ಮಕ್ಕೂ ಹೆಸರಾದ ತಳಿ ಅದು. ಹಬ್ಬದ ದಿನ ಅದನ್ನೇ ಅಡುಗೆ ಮಾಡಿ, ನಾಯಿಯ ಬಗ್ಗೆ ಮರುಗುವುದು ಪಕ್ಷಪಾತವಲ್ಲವೇ? ಆಹಾರಕ್ಕಾಗಿ, ಬಟ್ಟೆಗಾಗಿ ಪ್ರಾಣಿಗಳನ್ನು ಬಳಸಬಹುದು ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಹೇಳುತ್ತದೆ. ಅವಶ್ಯವಿಲ್ಲದೆ ಅವುಗಳಿಗೆ ನೋವು ಕೊಡುವುದು ಮನುಷ್ಯನ ಘನತೆಗೆ ತಕ್ಕದ್ದಲ್ಲ ಎಂದೂ ಹೇಳುತ್ತದೆ. ವಿಶ್ವಗುರು ಫ್ರಾನ್ಸಿಸ್ 2015ರಲ್ಲಿ ‘ಲೌದಾತೊ ಸೀ’ ಪತ್ರದಲ್ಲಿ ಇದನ್ನೇ ಮತ್ತೆ ನೆನಪಿಸಿದರು. ಕುರಿಯ ಮಾಂಸ ಹತ್ತು ಜನರ ಊಟವಾಗುತ್ತದೆ. ನಾಯಿಯ ಹೆದರಿಕೆಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಈ ನಿಯಮ ಕುರಿಗೂ ಅನ್ವಯಿಸುತ್ತದೆ: ಕೊಯ್ಯುವ ಗಳಿಗೆಯವರೆಗೆ ಅದನ್ನು ಬಿಸಿಲಲ್ಲಿ, ಬಾಯಾರಿಕೆಯಲ್ಲಿ, ಕಾಲು ಕಟ್ಟಿ ಕೆಡವುವುದಕ್ಕೆ ಯಾವ ಅವಶ್ಯಕತೆಯೂ ಇಲ್ಲ.

ಪ್ರಾಣಿಯ ಪಾಲು ಎಂದರೆ ದೊಡ್ಡದೇನೂ ಅಲ್ಲ. ನಮ್ಮ ಕಿವಿಗೆ ಕೇಳದ ಎಷ್ಟೋ ಸದ್ದು ನಾಯಿಗೆ ಕೇಳುತ್ತದೆ; ಪಟಾಕಿ ಸಿಡಿದಾಗ ಸರಪಳಿಯಲ್ಲಿ ಕಟ್ಟಿದ ನಾಯಿಗೆ ಓಡಲೂ ದಾರಿಯಿಲ್ಲ, ಅಡಗಲೂ ಜಾಗವಿಲ್ಲ. ಮಧ್ಯರಾತ್ರಿಯ ಬಲಿಪೂಜೆಗೆ ಹೊರಡುವ ಮೊದಲು ಅದನ್ನು ಒಳಕೋಣೆಗೆ ಬಿಟ್ಟು, ನೀರನ್ನೂ ಅದರ ಹಳೆಯ ಚಾಪೆಯನ್ನೂ ಇಟ್ಟು ಬಾಗಿಲು ಹಾಕೋಣ. ಗೇಟು ತೆರೆದಿದ್ದರೆ ಬೆದರಿದ ಪ್ರಾಣಿ ನೇರ ರಸ್ತೆಗೆ ಓಡುತ್ತದೆ. ಗೋದಲಿಯ ದೀಪದ ತಂತಿ, ಮಿನುಗುವ ಜರಿ ಬೆಕ್ಕಿನ ಬಾಯಿಗೆ ಸಿಗದಿರಲಿ. ನುಂಗಿದ ದಾರ ಕರುಳನ್ನು ಕಟ್ಟಿಬಿಡಬಹುದು. ಕೇಕಿನ ಒಣದ್ರಾಕ್ಷಿ, ಚಾಕಲೇಟು, ಸಾರಿನ ಈರುಳ್ಳಿ ನಾಯಿಗೆ ವಿಷ. ಬೆಂದ ಮೂಳೆ ಚೂರಾಗಿ ಗಂಟಲಿಗೂ ಕರುಳಿಗೂ ಚುಚ್ಚುತ್ತದೆ.

ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಉಣ್ಣುವ, ಮಲಗಿರುವ ನಾಯಿಯನ್ನು ಮುಟ್ಟಬಾರದು ಎಂದು ಬಂದ ಮಕ್ಕಳಿಗೆ ಹೇಳೋಣ. ಗುರುಗುಟ್ಟುವುದು ದುಷ್ಟತನವಲ್ಲ, ಅದು ಕೊಡುವ ಎಚ್ಚರಿಕೆ. ರೇಬಿಸ್ ಲಸಿಕೆ ತಪ್ಪದಿರಲಿ. ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇದರಲ್ಲಿ ಕಷ್ಟದ್ದು ಒಂದೇ: ಅತಿಥಿಗೆ ಬೇಡ ಎನ್ನುವುದು. ಹಿರಿಯರೊಬ್ಬರು ಪ್ರೀತಿಯಿಂದಲೇ ಎಲೆಯ ಮೂಳೆಯನ್ನು ಎಸೆಯುತ್ತಾರೆ. ಅವರ ಮನಸ್ಸು ನೋಯಿಸಬಾರದೆಂದು ನಾವು ಸುಮ್ಮನಿದ್ದರೆ ಆ ಮರ್ಯಾದೆಯ ಬೆಲೆಯನ್ನು ತೆರುವುದು ಮಾತು ಬಾರದ ಜೀವ. ಮೊದಲ ಕ್ರಿಸ್ತ ಜಯಂತಿಯಲ್ಲಿ ಛತ್ರದಲ್ಲಿ ಜಾಗ ಸಿಗದೆ ಮಗುವನ್ನು ಮಲಗಿಸಿದ್ದು ಪ್ರಾಣಿಗಳ ಮೇವಿನ ತೊಟ್ಟಿಯಲ್ಲಿ. 1223ರಲ್ಲಿ ಗ್ರೆಚ್ಚೋ ಊರಿನಲ್ಲಿ ಸಂತ ಫ್ರಾನ್ಸಿಸ್ ಗೋದಲಿಗೆ ಎತ್ತು ಕತ್ತೆಗಳನ್ನು ತರಿಸಿದ್ದೂ ಆ ತೊಟ್ಟಿ ಯಾರದೆಂದು ಕಣ್ಣಿಗೆ ಕಾಣಲೆಂದೇ ಇರಬಹುದು. ಅವುಗಳ ಮನೆಯಲ್ಲಿ ನಾವು ಅತಿಥಿಗಳಾಗಿದ್ದೆವು. ಇಂದು ನಮ್ಮ ಮನೆಯಲ್ಲಿ ಅವುಗಳ ಪರವಾಗಿ ಒಂದು ಮಾತು ಆಡಿದರೆ ಹೆಚ್ಚೇನಲ್ಲ.

ಬಡವರಿಗೆ ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯಬಾರದೆಂದು ಅದೇ ಧರ್ಮೋಪದೇಶ ಎಚ್ಚರಿಸುತ್ತದೆ. ಶಾಂತವಾದ ಒಂದು ಕೋಣೆಗೆ, ಒಂದು ಬಟ್ಟಲು ನೀರಿಗೆ ಖರ್ಚೇನೂ ಇಲ್ಲ. ಜೊತೆಗೆ, ಕಟ್ಟಳೆಯಲ್ಲಿ ಎತ್ತಿನ ಪಕ್ಕದಲ್ಲೇ ಆಳುಗಳ ಹೆಸರೂ ಇದೆಯೆಂಬುದನ್ನು ಮರೆಯದಿರೋಣ. ಎಲ್ಲರೂ ಉಂಡ ಮೇಲೂ ಪಾತ್ರೆ ತೊಳೆಯುತ್ತಿರುವ ಸೊಸೆಗೆ, ಕೆಲಸದಾಕೆಗೆ ಹಬ್ಬ ಬಂತೇ? ನಾಯಿಗೆ ಯಾವ ಕೋಣೆ, ಅದನ್ನು ಆಗಾಗ ನೋಡಿಕೊಳ್ಳುವವರು ಯಾರು ಎಂದು ಈ ವಾರ ಮನೆಯವರೆಲ್ಲ ಕೂತು ತೀರ್ಮಾನಿಸುವಾಗ, ಅಡುಗೆಮನೆಯಲ್ಲಿರುವವರು ಎಷ್ಟು ಗಂಟೆಗೆ ಕೂತು ಉಣ್ಣುತ್ತಾರೆ ಎಂಬುದನ್ನೂ ತೀರ್ಮಾನಿಸೋಣ.