ಒಂದೇ ಕಾಯಿಗೆ ಬಳ್ಳಿಯ ಸಾರವೆಲ್ಲ

ಒಂದು ಕುಂಬಳದ ಬಳ್ಳಿಯಲ್ಲಿ ಏಳೆಂಟು ಹೀಚುಗಳು ಕಚ್ಚಿರುವಾಗ ಒಂದನ್ನು ಮಾತ್ರ ಉಳಿಸಿ ಮಿಕ್ಕವುಗಳನ್ನೆಲ್ಲ ಚಿವುಟಿ ಹಾಕುವದು ನ್ಯಾಯವೋ ಎಂದು ಕೇಳಿದರೆ ವಾಚಕರಲ್ಲಿ ಅನೇಕರು ನಕ್ಕಾರು. ಕುಂಬಳಕ್ಕೆ ನ್ಯಾಯವೇನು, ಅನ್ಯಾಯವೇನು? ಬಳ್ಳಿ ನಮ್ಮದು, ಹಿತ್ತಲು ನಮ್ಮದು, ಚಿವುಟುವ ಬೆರಳೂ ನಮ್ಮದು. ಆದರೆ ಹಿತ್ತಲಿನಲ್ಲಿ ಈ ಕೆಲಸವನ್ನು ಮಾಡುವ ಕೈಯೇ ಮನೆಯೊಳಗೂ ಇಂಥದೇ ಒಂದು ಕೆಲಸವನ್ನು ಮಾಡುತ್ತಿರುವದು. ಅಲ್ಲಿ ನಗುವದಕ್ಕೆ ಎಡೆಯಿಲ್ಲ. ಆದಕಾರಣ ಮೊದಲು ಹಿತ್ತಲಿನ ಸಂಗತಿಯನ್ನು ಚೆನ್ನಾಗಿ ನೋಡಿ, ಆಮೇಲೆ ಮನೆಯೊಳಗೆ ಬರೋಣ.

ಹಾನಗಲ್ಲ ತಾಲೂಕಿನ ಈ ತಿಳವಳ್ಳಿಯ ಸೀಮೆಯಲ್ಲಿ ಕುಂಬಳವನ್ನು ಬೆಳೆಯಲಿಕ್ಕೆ ಹೆಚ್ಚಿನ ವಿದ್ಯೆಯು ಬೇಕಾಗಿಲ್ಲ. ಮೃಗಶಿರಾ ಮಳೆಯು ಹದವಾಗಿ ಬಿದ್ದ ಮೇಲೆ ತಿಪ್ಪೆಯ ಬದಿಯಲ್ಲಿಯಾಗಲಿ ಬಚ್ಚಲ ನೀರು ಹರಿಯುವ ಕಡೆಯಲ್ಲಾಗಲಿ ಒಂದು ಗುಣಿಯನ್ನು ತೆಗೆದು, ಕೊಳೆತ ಗೊಬ್ಬರವನ್ನು ತುಂಬಿ, ಎರಡು ಮೂರು ಬೀಜಗಳನ್ನು ಊರಿದರೆ ಸಾಕು. ಬಳ್ಳಿಯು ಬೇಲಿಯನ್ನು ಹತ್ತಿ ಹಂಚಿನ ಮಾಡದ ಮೇಲಕ್ಕೂ ಹರಿಯುವದು. ಎಲೆಗೆ ಹುಳು ಬಿದ್ದರೆ ಹೆಂಗಸರು ಒಲೆಯ ಬೂದಿಯನ್ನು ಎರಚುತ್ತಾರೆ. ಮೊದಲು ಗಂಡುಹೂಗಳು ಬರುತ್ತವೆ; ಅವುಗಳನ್ನು ಕಂಡು ಕಾಯಿಯಾಗಲಿಲ್ಲವೆಂದು ಬೇಸರಪಡುವವರುಂಟು. ಕೆಲವು ದಿವಸಗಳ ಮೇಲೆ ಬುಡದಲ್ಲಿ ಗುಂಡಿಯಷ್ಟು ಕಾಯಿಯನ್ನು ಹೊತ್ತುಕೊಂಡು ಹೆಣ್ಣುಹೂಗಳು ತೋರುವವು. ಹೂವು ಅರಳುವದು ಮುಂಜಾನೆಯ ಒಂದೇ ಹೊತ್ತು, ಬಿಸಿಲೇರುವದರೊಳಗೆ ಮುಚ್ಚಿಕೊಳ್ಳುವದು. ಪುಷ್ಯದ ಜಡಿಮಳೆಯಲ್ಲಿ ಜೇನುಹುಳಗಳು ಹೊರಬೀಳದೆ ಇದ್ದರೆ ಹೀಚು ಹಳದಿಯಾಗಿ ಉದುರುವದು. ಆಗ ಜಾಣನಾದ ತೋಟಗಾರನು ಗಂಡುಹೂವನ್ನು ಕಿತ್ತು, ಅದರ ಎಸಳುಗಳನ್ನು ತೆಗೆದು, ಒಳಗಿನ ಪುಡಿಯನ್ನು ಹೆಣ್ಣುಹೂವಿಗೆ ತಾನೇ ಸವರುತ್ತಾನೆ. ಉತ್ತರಾ ಹಸ್ತಾ ಮಳೆಗಳ ಹೊತ್ತಿಗೆ ಕಾಯಿಯು ಬಲಿತು, ಪಲ್ಯಕ್ಕೂ ಗಾರಿಗೆಗೂ ಒದಗುವದು. (ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆಯು ಈ ಕುಂಬಳದ್ದಲ್ಲ. ಹೆಗಲಿಗೆ ಬಿಳಿಯ ಪುಡಿಯು ಹತ್ತುವದು ಬೂದುಗುಂಬಳದಿಂದ ಮಾತ್ರವೇ. ನಮ್ಮ ಸಿಹಿಗುಂಬಳವಾದರೋ ಅಮೇರಿಕಾ ಖಂಡದಿಂದ ಸಮುದ್ರ ದಾಟಿ ಬಂದದ್ದು. ಅದನ್ನು ಕದ್ದವನು ಹೆಗಲು ಮುಟ್ಟಿಕೊಳ್ಳಬೇಕಾಗಿಲ್ಲ.)

ಹೀಗೆ ತನ್ನಷ್ಟಕ್ಕೆ ಬೆಳೆದ ಬಳ್ಳಿಯು ಅನೇಕ ಕಾಯಿಗಳನ್ನು ಕೊಡುತ್ತದೆ. ಯಾವದೂ ಅತಿ ದೊಡ್ಡದಾಗುವದಿಲ್ಲ. ದೊಡ್ಡ ಕಾಯಿಯೇ ಬೇಕೆಂಬವನು ಬೇರೆ ದಾರಿಯನ್ನು ಹಿಡಿಯಬೇಕು. ಈ ವಿದ್ಯೆಯು ಉತ್ತರ ಅಮೇರಿಕಾ ಮತ್ತು ಯುರೋಪಿನ ದೇಶಗಳಲ್ಲಿ ಬಹು ಮುಂದುವರಿದಿದೆ. ಕೆನಡಾ ದೇಶದ ವಿಲ್ಯಮ್ ವಾರ್ನಕ್ ಎಂಬವನು 1904ರಲ್ಲಿ ಸೇಂಟ್ ಲೂಯಿ ಪಟ್ಟಣದ ಮಹಾಪ್ರದರ್ಶನದಲ್ಲಿ 403 ಪೌಂಡು, ಅಂದರೆ ಸುಮಾರು 183 ಕಿಲೋ ತೂಕದ ಕಾಯಿಯನ್ನು ತೋರಿಸಿದನು. ಎಪ್ಪತ್ತು ವರುಷಗಳ ಮೇಲೂ, 1976ರ ವರೆಗೆ, ಅದನ್ನು ಯಾರೂ ಮೀರಲಿಲ್ಲ. ಅನಂತರ ಅದೇ ದೇಶದ ಹಾವರ್ಡ್ ಡಿಲ್ ಎಂಬ ರೈತನು ವರುಷ ವರುಷವೂ ಬೀಜವನ್ನು ಆರಿಸಿ ಆರಿಸಿ ಒಂದು ಹೊಸ ತಳಿಯನ್ನು ಕಟ್ಟಿದನು. ಈಗಿನ ದೈತ್ಯ ಕಾಯಿಗಳೆಲ್ಲವೂ ಆ ತಳಿಯ ಸಂತತಿಯೇ ಎನ್ನಬಹುದು. 2023ರ ಅಕ್ಟೋಬರದಲ್ಲಿ ಅಮೇರಿಕಾದ ಮಿನ್ನೆಸೋಟಾ ಪ್ರಾಂತದ ತೋಟಗಾರಿಕೆಯ ಉಪಾಧ್ಯಾಯರಾದ ಟ್ರ್ಯಾವಿಸ್ ಗಿಂಗರ್ ಎಂಬವರ ಕಾಯಿಯು 2,749 ಪೌಂಡು, ಎಂದರೆ 1,247 ಕಿಲೋ ತೂಗಿತು. ಒಂದು ಸಣ್ಣ ಕಾರಿನ ಭಾರಕ್ಕೆ ಅದು ಕಡಿಮೆಯಲ್ಲ. 2025ರಲ್ಲಿ ಇಂಗ್ಲೆಂಡಿನ ಇಬ್ಬರು ಅವಳಿಜವಳಿ ಸಹೋದರರ ಕಾಯಿಯು ಅದನ್ನೂ ಮೀರಿತು.

ಇಷ್ಟು ಭಾರವು ಎಲ್ಲಿಂದ ಬರುವದು? ಬೀಜದಿಂದ, ಗೊಬ್ಬರದಿಂದ, ದಿನಕ್ಕೆ ನೂರಾರು ಲೀಟರು ನೀರಿನಿಂದ ಎಂದು ಹೇಳಬಹುದು, ಅದು ಸರಿಯೇ. ಬಳ್ಳಿಯ ಗೆಣ್ಣುಗಳನ್ನು ಅಲ್ಲಲ್ಲಿ ಮಣ್ಣಿನಲ್ಲಿ ಹುಗಿದು ಹೊಸ ಬೇರುಗಳನ್ನು ಬಿಡಿಸುತ್ತಾರೆ. ಸಿಪ್ಪೆಯು ಬೇಗನೆ ಗಟ್ಟಿಯಾಗದಂತೆ ಕಾಯಿಗೆ ನೆರಳು ಕಟ್ಟುತ್ತಾರೆ, ಅಡಿಯಲ್ಲಿ ಮರಳನ್ನು ಹಾಸುತ್ತಾರೆ. ಭರದ ಕಾಲದಲ್ಲಿ ಅದು ದಿನವೊಂದಕ್ಕೆ 20 ಕಿಲೋಗಿಂತಲೂ ಹೆಚ್ಚಾಗಿ ತೂಕವನ್ನು ಪಡೆಯುತ್ತದೆ. ಆದರೆ ಇವೆಲ್ಲವನ್ನೂ ಮಾಡಿ ಹತ್ತು ಕಾಯಿಗಳನ್ನು ಉಳಿಸಿದರೆ ಹತ್ತೂ ಸಾಮಾನ್ಯ ಕಾಯಿಗಳಾಗುವವು. ದೈತ್ಯ ಕಾಯಿಯ ನಿಜವಾದ ಗುಟ್ಟು ಕೊಡುವದರಲ್ಲಿಲ್ಲ, ತೆಗೆಯುವದರಲ್ಲಿದೆ. ಬಳ್ಳಿಯು ಎಲೆಗಳಲ್ಲಿ ಬಿಸಿಲನ್ನು ಹಿಡಿದು ಮಾಡಿದ ಸಿಹಿಯೆಲ್ಲವೂ ಒಂದೇ ತೊಟ್ಟಿನೊಳಗೆ ಹರಿಯಬೇಕಾದರೆ ಮಿಕ್ಕ ತೊಟ್ಟುಗಳು ಇರಬಾರದು. ಬಳ್ಳಿಗೆ ಯಾವ ಕಾಯಿಯ ಮೇಲೂ ಪಕ್ಷಪಾತವಿಲ್ಲ. ಪಕ್ಷಪಾತವು ತೋಟಗಾರನ ಉಗುರಿನಲ್ಲಿದೆ.

ಇಂಥ ಕಾಯಿಯಿಂದ ಏನು ಪ್ರಯೋಜನವೆಂದು ಕೆಲವರು ಮೂಗು ಮುರಿಯುತ್ತಾರೆ. ಅದರ ರುಚಿಯು ಸಪ್ಪೆ, ತಿರುಳು ನೀರುನೀರು. ಅದು ತನ್ನ ಭಾರಕ್ಕೆ ತಾನೇ ಕುಸಿದು ಚಪ್ಪಟೆಯಾಗಿ ಕೂತಿರುವದು. ನಮ್ಮ ಬೆಂಗಳೂರಿನ ಹೆಸರುಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೊರಡಿಸಿದ ಅರ್ಕಾ ಸೂರ್ಯಮುಖಿ ಎಂಬ ಕುಂಬಳವಾದರೋ ಒಂದು ಕಿಲೋದಷ್ಟೇ ತೂಗುವ ಸಣ್ಣ ಗುಂಡುಕಾಯಿ. ಒಂದು ಮನೆಯವರ ಒಂದು ಹೊತ್ತಿಗೆ ಅದು ಸರಿಹೋಗುವದು, ಕೊಯ್ದರೆ ಮಿಕ್ಕು ಕೊಳೆಯುವದಿಲ್ಲ. ಆ ಎರಡರಲ್ಲಿ ಆಶ್ಚರ್ಯದ ಸಂಗತಿಯೆಂದರೆ, ಎರಡೂ ಒಂದೇ ಜಾತಿಯ ಕುಂಬಳಗಳಾಗಿವೆ. ಆದರೂ ದೊಡ್ಡದನ್ನು ಬೆಳೆಯುವವರನ್ನು ನಾನು ಹಳಿಯಲಾರೆನು. ಆಶ್ಚರ್ಯಪಡುವದು ಪಾಪವಲ್ಲ. ಅವರಲ್ಲಿ ಒಂದು ಪ್ರಾಮಾಣಿಕತೆಯೂ ಉಂಟು: ಕಾಯಿಯಲ್ಲಿ ಒಳಗಿನ ವರೆಗೆ ಒಂದು ಬಿರುಕು ಬಿದ್ದಿದ್ದರೂ ತಕ್ಕಡಿಯ ಹತ್ತಿರ ಅದನ್ನು ಲೆಕ್ಕಕ್ಕೆ ಹಿಡಿಯುವದಿಲ್ಲ. ಚಿವುಟಿದ ಹೀಚುಗಳ ವಿಷಯವಾಗಿಯೂ ಅವರ ಮೇಲೆ ದೋಷವಿಲ್ಲ. ಹೀಚಿಗೆ ತಾನೊಂದು ಎಂಬ ಅರಿವಿಲ್ಲ, ನಾಳೆಯ ಆಶೆಯಿಲ್ಲ, ಉಳಿದ ಕಾಯಿಯನ್ನು ನೋಡಿ ಕೊರಗುವ ಮನಸ್ಸಿಲ್ಲ. ಅದು ಬಳ್ಳಿಯ ಒಂದು ಅಂಗವೇ ಹೊರತು ಇನ್ನೊಂದು ಬಳ್ಳಿಯಲ್ಲ.

ಇನ್ನು ಮನೆಯೊಳಗೆ ಬರೋಣ. ಎರಡು ಎಕರೆ ಹೊಲವಿರುವ ಒಂದು ಮನೆಯಲ್ಲಿ ಮೂವರು ಮಕ್ಕಳಿದ್ದಾರೆಂದು ಇಟ್ಟುಕೊಳ್ಳಿರಿ. ದೊಡ್ಡ ಮಗನು ಓದಿ ನೌಕರಿಗೆ ಸೇರಲಿ, ಅವನು ಮೇಲೆ ಬಂದರೆ ಮನೆಯೇ ಮೇಲೆ ಬಂದೀತು ಎಂದು ತಂದೆತಾಯಿಗಳು ನಿಶ್ಚಯಿಸುತ್ತಾರೆ. ಅವನ ಕಾಲೇಜಿನ ಸಲುವಾಗಿ ಎಮ್ಮೆಯನ್ನು ಮಾರುತ್ತಾರೆ. ಸಂಘದಲ್ಲಿ ಸಾಲ ತೆಗೆಯುತ್ತಾರೆ. ಎರಡನೆಯವನು ಎತ್ತುಗಳ ಹಿಂದೆ ಹೋಗುತ್ತಾನೆ. ಮಗಳು ಹತ್ತನೆಯ ತರಗತಿಯನ್ನು ಮುಗಿಸಿ, ಅಣ್ಣನ ಅಂಗಿಗಳನ್ನು ಒಗೆಯುತ್ತಾ ವರನ ದಾರಿಯನ್ನು ಕಾಯುತ್ತಾಳೆ. ಇದರಲ್ಲಿ ಯಾರೂ ಕೆಟ್ಟವರಲ್ಲ. ತಂದೆಯು ಕುಡಿದು ಹಾಳುಮಾಡಲಿಲ್ಲ, ತಾಯಿಯು ತಾನು ಉಂಡು ಮಕ್ಕಳನ್ನು ಉಪವಾಸ ಕೆಡವಲಿಲ್ಲ. ಅವರು ಬಳ್ಳಿಯ ಸಾರವನ್ನೆಲ್ಲ ಒಂದು ಕಾಯಿಗೆ ತಿರುಗಿಸಿದರು, ಅಷ್ಟೇ. ಇದು ತೋಟಗಾರನ ಕೆಲಸವೇ ಆಗಿದ್ದರೆ ಇದರಲ್ಲಿ ತಪ್ಪೇನು?

ತಪ್ಪೇನೆಂದರೆ, ಮಗಳು ಹೀಚಲ್ಲ. ತಂದೆಯ ಮನೆಯನ್ನು ಬಳ್ಳಿಯೆಂದೂ ಮಕ್ಕಳನ್ನು ಕಾಯಿಗಳೆಂದೂ ಎಣಿಸಿದಲ್ಲಿಯೇ ಲೆಕ್ಕವು ಜಾರಿತು. ಪ್ರತಿಯೊಂದು ಮಗುವೂ ತಾನೇ ಒಂದು ಬಳ್ಳಿಯಾಗಿದೆ. ಅದಕ್ಕೆ ತನ್ನ ಬೇರುಂಟು, ತನ್ನ ಹೂವುಂಟು. ಚಿವುಟಿದ ಹೀಚು ಎರಡು ದಿವಸಗಳಲ್ಲಿ ಮಣ್ಣಾಗುವದು. ಶಾಲೆಯನ್ನು ಬಿಡಿಸಲ್ಪಟ್ಟ ಹುಡುಗಿಯು ಅರುವತ್ತು ವರುಷ ಬದುಕಿ, ಅಣ್ಣನ ಮಕ್ಕಳು ಓದುವದನ್ನು ನೋಡುತ್ತಿರುವಳು. ಅವಳು ಬಾಯಿಬಿಟ್ಟು ಹೇಳುವದಿಲ್ಲವೆಂಬದರಿಂದ ಅವಳಿಗೆ ನೋವಿಲ್ಲವೆಂದು ತಿಳಿಯಬಾರದು.

ಇದಕ್ಕಿಂತಲೂ ನನಗೆ ಹೆಚ್ಚಾಗಿ ನಾಟಿದ ಇನ್ನೊಂದು ಮಾತುಂಟು. ದೈತ್ಯ ಕುಂಬಳವನ್ನು ಬೆಳೆಯುವವನು ಮೊದಲ ದಿವಸವೇ ಒಂದನ್ನು ಆರಿಸಿಕೊಳ್ಳುವದಿಲ್ಲ. ಎರಡು ಮೂರು ಹೀಚುಗಳನ್ನು ಕೆಲವು ದಿವಸ ಉಳಿಸಿ, ದಿನಾಲು ದಾರದಿಂದ ಸುತ್ತಳತೆಯನ್ನು ಹಿಡಿದು, ತೊಟ್ಟಿನ ಬಲವನ್ನೂ ಕಾಯಿಯ ಆಕಾರವನ್ನೂ ನೋಡಿ, ಯಾವದು ನಿಜವಾಗಿ ಬೆಳೆಯುವದೆಂದು ತಿಳಿದ ಮೇಲೆ ಮಿಕ್ಕವುಗಳನ್ನು ತೆಗೆಯುತ್ತಾನೆ. ಒಂದು ಕಾಯಿಗೆ ತೋರಿಸುವ ಈ ತಾಳ್ಮೆಯನ್ನು ನಾವು ಮಕ್ಕಳಿಗೆ ತೋರಿಸುತ್ತೇವೋ? ಗಂಡು ಹುಟ್ಟಿತೋ ಹೆಣ್ಣು ಹುಟ್ಟಿತೋ ಎಂದು ಕೇಳಿದ ಗಳಿಗೆಯಲ್ಲಿಯೇ ನಮ್ಮ ಆಯ್ಕೆಯು ಮುಗಿದುಹೋಗಿರುತ್ತದೆ. ದಾರವನ್ನು ಹಿಡಿದು ಅಳೆದಿದ್ದರೆ ಎಷ್ಟೋ ಮನೆಗಳಲ್ಲಿ ಬೇರೆ ಕಾಯಿಯೇ ಉಳಿಯಬೇಕಾಗಿತ್ತು.

ಯಾಕೋಬನು ತನ್ನ ಮಕ್ಕಳಲ್ಲಿ ಯೋಸೇಫನೊಬ್ಬನಿಗೆ ಬೇರೆ ತರದ ಅಂಗಿಯನ್ನು ಹೊಲಿಸಿದ ಸಂಗತಿಯನ್ನು ವಾಚಕರು ಬಲ್ಲರು. ಆ ಅಂಗಿಯಿಂದ ಮನೆಯೊಳಗೆ ಎಷ್ಟು ವಿಷವು ಹುಟ್ಟಿತೆಂಬದನ್ನು ಇಲ್ಲಿ ಬರೆಯಬೇಕಾಗಿಲ್ಲ. ಯೋಸೇಫನು ಮುಂದೆ ಅಣ್ಣಂದಿರಿಗೆಲ್ಲ ಧಾನ್ಯವನ್ನು ಕೊಟ್ಟನಲ್ಲಾ, ದೊಡ್ಡವನಾದದ್ದು ಒಳ್ಳೇದೇ ಆಯಿತಲ್ಲಾ ಎಂದು ಒಬ್ಬರು ಹೇಳಬಹುದು. ಕೊಟ್ಟದ್ದು ನಿಜ, ಆದರೆ ಅವನನ್ನು ದೊಡ್ಡವನನ್ನಾಗಿ ಮಾಡಿದ್ದು ತಂದೆಯ ಪಕ್ಷಪಾತವಲ್ಲ.

ಬಡತನದ ಮಾತನ್ನು ಮರೆತು ಬರೆದರೆ ಈ ಪುಟವು ಸುಳ್ಳಾದೀತು. ಸಾರವು ನಿಜವಾಗಿಯೂ ಕಡಿಮೆಯಿರುವ ಮನೆಗಳು ನಮ್ಮಲ್ಲಿ ಬಹಳ ಇವೆ. 2009ರ ಕಡ್ಡಾಯ ಶಿಕ್ಷಣದ ಕಾನೂನು 2010ರ ಏಪ್ರಿಲ್ 1ರಿಂದ ನಡೆಯಲಿಕ್ಕೆ ಬಂದು, 6ರಿಂದ 14 ವಯಸ್ಸಿನ ವರೆಗಿನ ಮಕ್ಕಳಿಗೆ ಫೀಯಿಲ್ಲದ ವಿದ್ಯೆಯನ್ನು ಹಕ್ಕಾಗಿ ಕೊಟ್ಟಿದೆ. ಆ ವಯಸ್ಸಿನೊಳಗೆ ಚಿವುಟುವ ಅಧಿಕಾರವು ಯಾರಿಗೂ ಇಲ್ಲ. ಆದರೆ ಚಿವುಟುವ ಕಾಲವು ಅದರ ಮುಂದೆ ಬರುತ್ತದೆ. ಬಸ್ಸಿನ ಖರ್ಚು, ವಸತಿಯ ಖರ್ಚು, ಪುಸ್ತಕಗಳು, ಬಿಟ್ಟುಹೋಗುವ ಕೂಲಿ ಇವೆಲ್ಲವನ್ನು ಕೂಡಿಸಿ ನೋಡಿದ ತಂದೆಯು, ಮೂವರನ್ನೂ ಅರ್ಧಕ್ಕೆ ನಿಲ್ಲಿಸುವದಕ್ಕಿಂತ ಒಬ್ಬನನ್ನಾದರೂ ಪೂರಾ ಓದಿಸುವದು ಲೇಸಲ್ಲವೇ ಎಂದು ಕೇಳಿದರೆ, ಅವನಿಗೆ ಅಲ್ಲವೆಂದು ಹೇಳುವ ಧೈರ್ಯವು ನನಗಿಲ್ಲ. ಹಂಚಿ ಹಂಚಿ ಯಾರಿಗೂ ಸಾಲದಂತೆ ಮಾಡುವದು ಸಮತ್ವವಾದರೂ ಬುದ್ಧಿಯಲ್ಲ. ಆದರೆ ಒಬ್ಬನನ್ನು ಆರಿಸುವದು ಬೇರೆ, ಆರಿಸಲ್ಪಟ್ಟವನಿಗೆ ಸಾಲವಿಲ್ಲವೆಂದು ತಿಳಿಯುವದು ಬೇರೆ. ಕುಂಬಳಕಾಯಿಯು ತಾನು ಕುಡಿದ ಸಾರವನ್ನು ಬಳ್ಳಿಗೆ ತಿರಿಗಿ ಕೊಡಲಾರದು. ಮನುಷ್ಯನು ಕೊಡಬಲ್ಲನು. ತಂಗಿಯ ಪಾಲಿನ ಶಾಲೆಯನ್ನು ತಾನು ಓದಿ ಬಂದ ಅಣ್ಣನು ಅದನ್ನು ಔದಾರ್ಯವೆಂದು ಹೇಳಿಕೊಂಡು ಹಬ್ಬಕ್ಕೆ ಒಂದು ಸೀರೆಯನ್ನು ತಂದುಕೊಟ್ಟರೆ ಲೆಕ್ಕವು ತೀರುವದಿಲ್ಲ. ಅದು ಸಾಲ, ಸಾಲವನ್ನು ಸಾಲದಂತೆಯೇ ತೀರಿಸಬೇಕು.

ಆದರೆ ನಡೆಯುವದೇನು? ತಂದೆಯು ತೀರಿಕೊಂಡ ಮೇಲೆ, ಓದಿ ದೊಡ್ಡವನಾದ ಮಗನೇ ಹಕ್ಕು ಬಿಡುಗಡೆಯ ಕಾಗದವನ್ನು ಬರೆಯಿಸಿಕೊಂಡು ತಂಗಿಯ ಮುಂದೆ ಹಿಡಿಯುತ್ತಾನೆ. ನಿನ್ನ ಮದುವೆಗೆ ಖರ್ಚು ಮಾಡಿದ್ದಾಯಿತಲ್ಲಾ, ಇಲ್ಲಿ ಹೆಬ್ಬೆಟ್ಟು ಒತ್ತು ಎನ್ನುತ್ತಾನೆ. ಹೀಗೆ ಹೀಚನ್ನು ಎರಡನೆಯ ಸಾರಿ ಚಿವುಟಿದ್ದಾಯಿತು. ನಮ್ಮ ಸಭೆಗಳವರು ಇದನ್ನು ಚೆನ್ನಾಗಿ ತಿಳಿದಿರಬೇಕು: 1925ರ ಭಾರತೀಯ ಉತ್ತರಾಧಿಕಾರದ ಕಾನೂನಿನಂತೆ ಉಯಿಲನ್ನು ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ ಮೂರನೆಯ ಒಂದು ಪಾಲು ವಿಧವೆಯದು, ಮಿಕ್ಕ ಎರಡು ಪಾಲು ಮಕ್ಕಳದು, ಅದರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ತಿರುವಾಂಕೂರಿನ ಕ್ರೈಸ್ತರಲ್ಲಿ ಮಾತ್ರ 1916ರ ಒಂದು ಬೇರೆ ಕಾನೂನು ಇತ್ತು. ಅದರ ಪ್ರಕಾರ ಮಗಳಿಗೆ ಮಗನ ಪಾಲಿನ ಕಾಲುಭಾಗವಾಗಲಿ 5,000 ರೂಪಾಯಿಗಳಾಗಲಿ, ಯಾವದು ಕಡಿಮೆಯೋ ಅಷ್ಟು ಮಾತ್ರ ಸಲ್ಲುತ್ತಿತ್ತು. ಮೇರಿ ರಾಯ್ ಎಂಬ ಉಪಾಧ್ಯಾಯಿನಿಯು ನ್ಯಾಯಕ್ಕಾಗಿ ಸುಪ್ರೀಮ್ ಕೋರ್ಟಿನ ವರೆಗೂ ಹೋಗಿ, 1986ರಲ್ಲಿ ಸಮಪಾಲಿನ ತೀರ್ಪನ್ನು ಪಡೆದಳು. ನಮ್ಮ ಸೀಮೆಯ ಹೆಣ್ಣುಮಕ್ಕಳು ಅಷ್ಟು ದೂರ ಹೋಗಬೇಕಾಗಿಲ್ಲ. ಕಾನೂನು ಮೊದಲಿನಿಂದಲೂ ಅವರ ಕಡೆಯಲ್ಲಿದೆ. ಅವರಿಗೆ ಅಡ್ಡವಾಗಿರುವದು ಆ ಕಾಗದವೂ, ತವರಿಗೆ ಬರುವ ದಾರಿಯು ಮುಚ್ಚೀತೆಂಬ ಅಂಜಿಕೆಯೂ ಆಗಿವೆ.

ಒಂದು ಕಠಿಣವಾದ ಪ್ರಶ್ನೆಯು ಉಳಿದಿದೆ. ವಿಧವೆಯೊಬ್ಬಳಿಗೆ ಒಬ್ಬ ಮಗನೂ ಒಬ್ಬ ಮಗಳೂ ಇದ್ದು, ಇಬ್ಬರೂ ಓದಿನಲ್ಲಿ ಸಮಾನರಾಗಿದ್ದು, ಒಬ್ಬರಿಗೆ ಸಾಲುವಷ್ಟೇ ಹಣವಿದ್ದರೆ ಅವಳು ಏನು ಮಾಡಬೇಕು? ವಯಸ್ಸಿನಲ್ಲಿ ಹಿರಿಯರಾದವರು, ಹುಡುಗನಾಗಲಿ ಹುಡುಗಿಯಾಗಲಿ, ಮೊದಲು ಹೋಗಲಿ ಎಂದು ನನಗೆ ತೋರುತ್ತದೆ. ಅವರು ಬೇಗನೆ ಸಂಪಾದನೆಗೆ ಬಂದಾರು. ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು, ಹಣವಿರುವದು ಇಷ್ಟೇ, ಈಗ ಇವನು ಹೋಗುವನು, ಇವನ ಮೊದಲನೆಯ ಸಂಬಳದಿಂದ ನೀನು ಹೋಗುವಿ ಎಂದು ಕಾರಣವನ್ನು ಬಾಯಿಬಿಟ್ಟು ಹೇಳಲಿ. ಕಾಯುವವಳ ಪುಸ್ತಕಗಳನ್ನು ರದ್ದಿಗೆ ಹಾಕದೆ ಇಡಲಿ. ಆ ಮಾತನ್ನು ಸಭೆಯ ಇಬ್ಬರು ಹಿರಿಯರ ಎದುರಿಗೆ ಆಡಿಸಿ ಒಂದು ಚೀಟಿಯಲ್ಲಿ ಬರೆದಿಟ್ಟರೂ ಮಗನು ಸಿಟ್ಟಾಗಬೇಕಾಗಿಲ್ಲ. ಹೊಲದ ಗೇಣಿಗೆ ಚೀಟಿ ಬರೆಯುವವರು ಇದಕ್ಕೂ ಬರೆಯಬಹುದು.